ಗುಂಯ್ ಅನ್ನದ ಮಷೀನು

ನಮ್ಮ ನಡುಮನೆಯಲ್ಲಿ ನಾಲ್ಕು ತಿಂಗಳು ಎರಡು ಡಿಜೆ ಸ್ಪೀಕರುಗಳು ಬಾಯಿ ಬಿಡದೆ ನಿಂತಿದ್ದವು. ನನ್ನ ಸೊಂಟಕ್ಕಿಂತ ತುಸು ಎತ್ತರ, ಮುಂದೆ ಕಬ್ಬಿಣದ ಕಪ್ಪು ಜಾಲರಿ, ಪಕ್ಕದಲ್ಲಿ ಹಿಡಿಕೆ. ಯಜಮಾನರು ಹೋದ ಮೇಲೆ ನನ್ನನ್ನು ಮಾತಾಡಿಸಲು ಬಂದವರು ಮೊದಲು ಅವರ ಫೋಟೋ ನೋಡುತ್ತಿದ್ದರು, ಆಮೇಲೆ ಸ್ಪೀಕರು ನೋಡುತ್ತಿದ್ದರು, ಹೊರಡುವಾಗ ಕಾಫಿ ಲೋಟವನ್ನು ಅವುಗಳ ಮೇಲೇ ಇಟ್ಟು ಹೋಗುತ್ತಿದ್ದರು. ಲೋಟದ ಗುರುತು ಬೀಳಬಾರದೆಂದು ರವಿಕೆಗೆ ತಂದಿದ್ದ ಲೈನಿಂಗ್ ಬಟ್ಟೆಯಲ್ಲಿ ಎರಡಕ್ಕೂ ಗವಸು ಹೊಲಿದೆ. ಒಂದೇ ಬಣ್ಣದ ಬಟ್ಟೆ ಸಾಲದೆ ಒಂದಕ್ಕೆ ಗಿಳಿಹಸಿರು, ಇನ್ನೊಂದಕ್ಕೆ ಗುಲಾಬಿ ಆಯಿತು. ನಾದಿನಿ ಬಂದವಳು ಬಾಗಿಲಲ್ಲೇ ನಿಂತು ನೋಡಿ, "ಅತ್ಗೆ, ಗಂಡು ಯಾವ್ದು ಹೆಣ್ಣು ಯಾವ್ದು ಅಂತ ಈಗ ಗೊತ್ತಾಯ್ತು ಬಿಡ್ರಿ" ಎಂದಳು. ಅವರು ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅವತ್ತೇ ಮೊದಲು. ನಕ್ಕಿದ್ದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹೊಳಲ್ಕೆರೆಯಲ್ಲಿ ನಮ್ಮದು ಮೈಕ್‌ಸೆಟ್ಟಿನ ಮನೆ. ಅವರು ಮದುವೆ, ನಾಮಕರಣ, ಶಾಲೆಯ ಧ್ವಜಾರೋಹಣ ಎಲ್ಲಕ್ಕೂ ಸೆಟ್ ಕಟ್ಟುತ್ತಿದ್ದರು. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಓದಿದ್ದು ಹತ್ತನೇ ತರಗತಿ. ಜೋರಾಗಿ ಮಾತಾಡಿ ನನಗೆ ಅಭ್ಯಾಸವಿಲ್ಲ, ಜೋರು ಸದ್ದೂ ಆಗುವುದಿಲ್ಲ. ಅಂಥ ನನ್ನನ್ನು ತಂದು ಮೈಕ್‌ಸೆಟ್ಟಿನವರಿಗೆ ಕಟ್ಟಿದ್ದರು. ಅವರು ಅಂಗಳದಲ್ಲಿ ಏನಾದರೂ ಪರೀಕ್ಷೆ ಮಾಡುತ್ತಿದ್ದರೆ ನಾನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಸೌಂಡ್ ಕಮ್ಮಿ ಮಾಡ್ರಿ" ಎನ್ನುತ್ತಿದ್ದೆ. ನಮ್ಮ ಸಂಸಾರದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು. ಸ್ಪೀಕರು ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದನ್ನು ಓಮ್ಸ್‌ನಲ್ಲಿ ಹೇಳುತ್ತಾರೆ. ಅವರು ಬಂದವರ ಮುಂದೆಲ್ಲ, "ಸ್ಪೀಕರೆಲ್ಲ ಎಂಟು ಓಮ್ಸು. ನಮ್ಮನೇಳು ಹದಿನಾರು ಓಮ್ಸು" ಎಂದು ಹೇಳಿ ನನ್ನ ಕಡೆ ನೋಡದೆ ಟೀ ಕುಡಿಯುತ್ತಿದ್ದರು.

ಇಷ್ಟೆಲ್ಲ ಇದ್ದರೂ ಹೊಸ ಆಂಪ್ಲಿಫೈಯರ್ ತರುವಾಗ ಅವರಿಗೆ ನಾನು ಬೇಕಾಗಿತ್ತು. ಅವರು ಅದನ್ನು ಮಷೀನು ಎನ್ನುತ್ತಿದ್ದರು. ವರ್ಷಗಟ್ಟಲೆ ಸದ್ದಿನ ಪಕ್ಕ ನಿಂತು ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಇದು ಯಾರಿಗೂ ಗೊತ್ತಾಗಬಾರದೆಂಬುದು ಅವರ ಹಟ. ಕಿವಿ ಕೇಳದ ಮೈಕ್‌ಸೆಟ್ಟಿನವನನ್ನು ಯಾರು ಕರೆಯುತ್ತಾರೆ? ಮಷೀನು ಪರೀಕ್ಷಿಸುವ ಅವರ ಕ್ರಮ ಹೀಗಿತ್ತು: ಮೊದಲು ನೆಲದಿಂದ ಎದೆಯವರೆಗೆ ಎತ್ತಿ ತೂಕ ನೋಡಬೇಕು. ಭಾರವಿದ್ದರೆ ಒಳಗೆ ಮಾಲು ಇದೆ ಎಂದು ಅರ್ಥ. ಆಮೇಲೆ ಯಾವ ಹಾಡೂ ಹಾಕದೆ, ಸದ್ದಿನ ಗುಂಡಿಯನ್ನು ಕೊನೆತನಕ ತಿರುಗಿಸಿ, ಸ್ಪೀಕರಿಗೆ ಕಿವಿ ಇಡಬೇಕು. ಕೆಲವು ಮಷೀನು ಏನೂ ಹಾಕದಿದ್ದರೂ ಒಳಗೇ ಗುಂಯ್ ಎನ್ನುತ್ತಿರುತ್ತವೆ. ಅಂಥದ್ದು ಬೇಡ.

"ದೊಡ್ಡ ಸದ್ದು ಯಾವ ಮಷೀನಾದ್ರೂ ಮಾಡ್ತೈತೆ. ಸುಮ್ಕಿರಾಕೆ ಬರ್ತೈತಾ ಅಂತ ನೋಡ್ಬೇಕು" ಎನ್ನುತ್ತಿದ್ದರು.

ಆದರೆ ಆ ಗುಂಯ್ ಅವರಿಗೇ ಕೇಳುತ್ತಿರಲಿಲ್ಲ. ಅದಕ್ಕೆ ನನ್ನನ್ನು ಚಿತ್ರದುರ್ಗದ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯವರಿಗೆ, "ದುರ್ಗಕ್ಕೆ ಬಟ್ಟೆ ತಗಳಾಕೆ ಬಂದಿದ್ಲು, ಹಂಗೇ ಕರ್ಕಂಡು ಬಂದೆ" ಎಂದು ಹೇಳುವುದು. ಅವರು ಸ್ಪೀಕರಿಗೆ ಕಿವಿ ಇಟ್ಟು ಬಹಳ ಗಂಭೀರವಾಗಿ ಕಣ್ಣು ಮುಚ್ಚುವುದು. ನಾನು ಇನ್ನೊಂದು ಸ್ಪೀಕರಿನ ಪಕ್ಕ ಏನೂ ತಿಳಿಯದವಳಂತೆ ನಿಲ್ಲುವುದು. ಗುಂಯ್ ಕೇಳಿದರೆ ನಾನು ಸೆರಗು ಎಳೆದುಕೊಳ್ಳಬೇಕು, ಕೇಳದಿದ್ದರೆ ಓಲೆ ಮುಟ್ಟಿಕೊಳ್ಳಬೇಕು. ಅವರು ಒಂದು ಕಣ್ಣು ತೆರೆದು ನನ್ನ ಕೈ ನೋಡಿ, "ಇದ್ರಾಗೆ ಹಮ್ಮಿಂಗ್ ಐತೆ, ತೆಗೀರಿ ಅತ್ಲಾಗೆ" ಎಂದು ತೀರ್ಪು ಕೊಡುತ್ತಿದ್ದರು. ಬಸ್ಸಿನಲ್ಲಿ ಹಿಂದಿರುಗುವಾಗ, "ಹೆಂಗಿತ್ತು ನನ್ನ ಆಕ್ಟಿಂಗು?" ಎಂದು ಕೇಳುತ್ತಿದ್ದರು. "ಸ್ವಲ್ಪ ಮೆಲ್ಲಗೆ ಮಾತಾಡ್ರಿ, ಬಸ್ಸಿನೋರಿಗೆಲ್ಲ ಕೇಳ್ತೈತೆ" ಎನ್ನುತ್ತಿದ್ದೆ.

ಈ ಜೋಡಿ ಸ್ಪೀಕರನ್ನು ಅವರು ಬಹಳ ಆಸೆಪಟ್ಟು ತಂದಿದ್ದರು. ಹಿರಿಯೂರು ಕಡೆಯ ಹಳ್ಳಿಯೊಂದರಲ್ಲಿ ಕುರಿ ಸಾಕುವ ಗೆಳೆಯರೊಬ್ಬರು ಅವರಿಗೆ ಇದ್ದಾರೆ. "ನಿನ್ನ ಮಗಳ ಮದುವೆಗೆ ಹೊಸಾ ಜೋಡಿ ಬರ್ತೈತೆ. ಮೊದ್ಲು ಬಾಯಿ ಬಿಡಾದು ನಿಮ್ಮನೇಲೇ" ಎಂದು ಆ ಗೆಳೆಯರಿಗೆ ಯಜಮಾನರು ಮಾತು ಕೊಟ್ಟಿದ್ದರು. ಸ್ಪೀಕರು ಬಂತು. ಅದಕ್ಕೆ ಹೊಂದುವ ಮಷೀನು ತರಬೇಕಿತ್ತು.

"ಗುರುವಾರ ದುರ್ಗಕ್ಕೆ ಹೋಗಾಣೇನೆ?"

"ಹದಿನಾಲ್ಕು ರವಿಕೆ ಬಾಕಿ ಅವೆ. ಮುಂದಿನ ವಾರ ನೋಡಾಣ."

ಮುಂದಿನ ವಾರವೂ ರವಿಕೆ ಇದ್ದವು. ಅದರ ಮುಂದಿನ ವಾರ ಅವರು ಒಬ್ಬರೇ ಹೋಗಿ ಬರಿಗೈಯಲ್ಲಿ ಬಂದು, "ಅಂಗಡಿ ಬಾಗ್ಲು ಹಾಕಿತ್ತು" ಎಂದರು. ಅದಾಗಿ ಮೂರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ವೈರು ಸುತ್ತುತ್ತಾ ಕುಳಿತಿದ್ದವರು ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟಲಿಲ್ಲ. ಅರ್ಧ ಸುತ್ತಿದ ವೈರನ್ನು ನಾನು ಇನ್ನೂ ಬಿಚ್ಚಿಲ್ಲ, ಪೂರ್ತಿ ಸುತ್ತಿಯೂ ಇಲ್ಲ.

ಮದುವೆಗೆ ಮೂರು ವಾರ ಇದ್ದಾಗ ಆ ಗೆಳೆಯರು ಬಂದರು. ಸ್ಪೀಕರಿನ ಗುಲಾಬಿ ಗವಸನ್ನು ನೋಡಿ ಏನೂ ಹೇಳಲಿಲ್ಲ. ಒಳ್ಳೆಯ ಮನುಷ್ಯರು.

"ತಂಗೆಮ್ಮ, ನೀನೇನೂ ಮನಸ್ಸಿಗೆ ಹಚ್ಕಬ್ಯಾಡ. ನಾನು ಬ್ಯಾರೆ ಸೆಟ್ಟು ಹೇಳ್ತೀನಿ."

"ಬ್ಯಾಡಣ್ಣ. ಇವೇ ಬರ್ತವೆ."

"ವರ್ಷ ತುಂಬದೆ ನೀನು ಮದುವೆ ಮನೆಗೆ ಬರಂಗಿಲ್ಲ. ಊರೋರು ಬಾಯಿ ಸುಮ್ಕಿರಲ್ಲ."

ಅಲ್ಲೇ ಕುಳಿತಿದ್ದ ನಾದಿನಿ ತಲೆ ಹಾಕಿದಳು. "ನೆಂಟರಾಗಿ ಬಂದ್ರೆ ತಾನೆ ತಪ್ಪು? ಮೈಕ್‌ಸೆಟ್ಟಿನೋರಾಗಿ ಬರ್ತೀವಿ. ಶಾಮಿಯಾನದೋನಿಗೆ, ಅಡಿಗೆಯೋನಿಗೆ ವರ್ಷ ತುಂಬೈತಾ ಅಂತ ಕೇಳ್ತೀರಾ?"

ಅವರು ಟವೆಲಿನಿಂದ ಬಾಯಿ ಒರೆಸಿಕೊಂಡು ನಕ್ಕರು. ಏಳುವಾಗ ಮಾತ್ರ, "ಮಷೀನು ಸರಿಯಾಗಿ ನೋಡಿ ತಗಳ್ರಮ್ಮ. ಹೊಂದ್ಲಿಲ್ಲ ಅಂದ್ರೆ ಸ್ಪೀಕರು ಸುಟ್ಟೋಗ್ತವೆ ಅಂತ ಅವ್ನೇ ಹೇಳ್ತಿದ್ದ" ಎಂದರು.

ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು. ಈ ಜೋಡಿ ಯಜಮಾನರು ಆರಿಸಿದ ಕೊನೆಯ ವಸ್ತು. ಇನ್ನೂ ಒಂದು ಮಾತೂ ಆಡದೆ ನಿಂತಿತ್ತು. ನಾನು ತಪ್ಪು ಮಷೀನು ತಂದು ಅದನ್ನು ಸುಟ್ಟರೆ? ವ್ಯಾಟು, ಓಮ್ಸಿನ ನಂಬರಿನ ವಿಷಯ ಅವರಿಗೆ ಗೊತ್ತಿತ್ತು, ಗುಂಯ್ ಎನ್ನುವುದು ನನಗೆ ಗೊತ್ತಿತ್ತು. ಅರ್ಧ ವಿದ್ಯೆ ಅವರ ಜೊತೆ ಹೋಗಿತ್ತು.

ನಾದಿನಿ ಇರುವುದು ಭೀಮಸಮುದ್ರದಲ್ಲಿ. ಅಡಿಕೆ ಮಂಡಿಯಲ್ಲಿ ಕೆಲಸ. ಚೀಲ ಎತ್ತಿ ನೋಡಿಯೇ ತೂಕ ಹೇಳುತ್ತಾಳೆ, ತಕ್ಕಡಿಯೇ ಅವಳನ್ನು ಕೇಳಿ ನಿಲ್ಲಬೇಕು. "ನಮ್ಮಣ್ಣ ಎತ್ತಿ ನೋಡ್ತಿದ್ದ ತಾನೆ? ನಾನು ಎತ್ತಿ ನೋಡ್ತೀನಿ. ನೀವು ಕಿವಿ ಇಡ್ರಿ. ಮುಗೀತು" ಎಂದು ರಜೆ ಹಾಕಿ ಬಂದಳು.

ಚಿತ್ರದುರ್ಗಕ್ಕೆ ಹೋದರೂ ನಾನು ಹಳೆಯ ಅಂಗಡಿಗೆ ಹೋಗಲಿಲ್ಲ. ಅಲ್ಲಿ ಅವರ ವಿಷಯ ಕೇಳುತ್ತಾರೆ, ನಾನು ಉತ್ತರ ಹೇಳಬೇಕಾಗುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದೊಂದು ಅಂಗಡಿಗೆ ಹೋದೆವು. ನಾದಿನಿ ಒಳಗೆ ಕಾಲಿಟ್ಟವಳೇ ಸಾಲಾಗಿ ಇಟ್ಟಿದ್ದ ಮಷೀನುಗಳನ್ನು ಒಂದೊಂದಾಗಿ ಎತ್ತತೊಡಗಿದಳು.

"ಅಕ್ಕಾ, ಅಕ್ಕಾ! ಏನ್ ಮಾಡ್ತಿದೀರಿ?" ಎಂದು ಅಂಗಡಿಯವನು ಓಡಿಬಂದ.

"ತೂಕ ನೋಡ್ತಿದೀನಿ."

"ಇದೇನು ಅಕ್ಕಿ ಮೂಟೆನಾ?"

"ಅಕ್ಕಿ ಮೂಟೆಗೆ ಇಷ್ಟು ಬೆಲೆ ಬರಿಯಲ್ಲ ಬಿಡಣ್ಣ" ಎಂದು ಇನ್ನೊಂದನ್ನು ಎತ್ತಿದಳು.

ದೊಡ್ಡ ಮಷೀನುಗಳನ್ನು ನೋಡಿ ನನಗೆ ಹೆದರಿಕೆಯಾಯಿತು. ಅಷ್ಟು ಶಕ್ತಿ ಸ್ಪೀಕರಿಗೆ ಹೋದರೆ ಸುಡದೆ ಏನಾಗುತ್ತದೆ? ಸಣ್ಣ ಒಲೆಯಲ್ಲಿ ಪಾತ್ರೆ ತಳ ಹಿಡಿಯುವುದಿಲ್ಲ ಎಂಬ ನನ್ನ ಅಡುಗೆಮನೆಯ ತಿಳಿವಳಿಕೆ ಮುಂದೆ ಬಂತು. ಒಂದು ಸಣ್ಣ ಮಷೀನು ತೋರಿಸಿ, ಆ ಅಂಗಡಿಯ ಸ್ಪೀಕರಿಗೇ ಹಾಕಿಸಿ ಕಿವಿ ಇಟ್ಟೆ. ಎಳ್ಳಷ್ಟೂ ಗುಂಯ್ ಇರಲಿಲ್ಲ. ಅದನ್ನೇ ತೆಗೆದುಕೊಂಡೆವು. ಹೊಂದದಿದ್ದರೆ ವಾಪಸು ತರುತ್ತೇವೆ ಎಂದು ನಾದಿನಿ ಮೂರು ಸಲ ಹೇಳಿ, ಅವನ ಬಾಯಲ್ಲೂ ಒಂದು ಸಲ ಹೇಳಿಸಿದಳು.

ಮನೆಯಲ್ಲಿ ವೈರು ಸಿಕ್ಕಿಸಿದ ಮೇಲೆ ತೊಡಕು ಶುರುವಾಯಿತು. ವರ್ಷ ತುಂಬದ ಮನೆಯಲ್ಲಿ ಹಾಡು ಹಾಕಬಾರದು. ಹಾಡಿಲ್ಲದೆ ಪರೀಕ್ಷೆ ಹೇಗೆ? ನಾದಿನಿ ಮೊಬೈಲಿನಲ್ಲಿ ರೇಡಿಯೋ ಹುಡುಕಿ ಕೃಷಿ ಕಾರ್ಯಕ್ರಮ ಹಾಕಿದಳು. "ಇದು ಹಾಡಲ್ಲ, ಬುದ್ಧಿಮಾತು. ಅಣ್ಣಂಗೂ ತಪ್ಪು ಕಾಣಲ್ಲ." ಯಾರೋ ಪಶುವೈದ್ಯರು ಕುರಿಗಳ ಕಾಲುಬಾಯಿ ಜ್ವರದ ಬಗ್ಗೆ ಹೇಳುತ್ತಿದ್ದರು. ಮೆಲ್ಲಗೆ ಇಟ್ಟಾಗ ಬಹಳ ಚೆನ್ನಾಗಿತ್ತು, ಡಾಕ್ಟರು ನಮ್ಮ ನಡುಮನೆಯಲ್ಲೇ ಕುಳಿತಂತೆ.

"ಮದುವೆ ಮನೇಲಿ ಇಷ್ಟು ಸಾಲಲ್ಲ ಅತ್ಗೆ" ಎಂದು ಅವಳು ಗುಂಡಿಯನ್ನು ಕೊನೆತನಕ ತಿರುಗಿಸಿದಳು. ಡಾಕ್ಟರ ಗಂಟಲು ಒಡೆಯಿತು. ಮಾತು ಹರಿದ ಬಟ್ಟೆಯಂತೆ ಚೂರಾಗಿ ಬರತೊಡಗಿತು. ಮಷೀನಿನ ಮುಂದೆ ಎರಡು ಕೆಂಪು ದೀಪ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದವು.

"ನೋಡ್ರಿ, ಸೀರಿಯಲ್ ಲೈಟೂ ಐತೆ! ಕುಣೀತೈತೆ!" ಎಂದು ಅವಳಿಗೆ ಖುಷಿ. ನನಗೂ ಚೆಂದ ಕಂಡಿತು. ಪಕ್ಕದ ಮನೆಯವರು ಓಡಿಬಂದು, "ಯಾರ ಕುರಿಗೆ ಏನಾತ್ರಿ?" ಎಂದು ಕೇಳಿದರು. ಆಗಲೇ ನನಗೆ ವಾಸನೆ ಬಂದದ್ದು. ಖಾಲಿ ಬಾಣಲೆ ಒಲೆಯ ಮೇಲೆ ಮರೆತಂಥ ವಾಸನೆ. ಪ್ಲಗ್ಗು ಕಿತ್ತೆ.

ಎರಡೂ ಸ್ಪೀಕರಿನ ಮೇಲಿನ ಭಾಗವನ್ನು ಮುಟ್ಟಿ ನೋಡಿದೆ. ಜಾಲರಿ ತಣ್ಣಗಿತ್ತು, ಒಳಗಿನ ಬಿಸಿ ಗೊತ್ತಾಗುವುದಿಲ್ಲ. ಸುಟ್ಟಿತೋ ಉಳಿಯಿತೋ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ಲಗ್ಗು ಹಾಕಿ, ಸದ್ದನ್ನು ಇರುವೆ ನಡೆದಷ್ಟು ಸಣ್ಣ ಮಾಡಿ, ಗಿಳಿಹಸಿರಿನದಕ್ಕೆ ಕಿವಿ ಇಟ್ಟೆ. ಡಾಕ್ಟರು ಇದ್ದರು. ಗುಲಾಬಿಯದಕ್ಕೆ ಇಟ್ಟೆ. ಅಲ್ಲಿಯೂ ಇದ್ದರು, ಲಸಿಕೆ ಹಾಕಿಸಿ ಎನ್ನುತ್ತಿದ್ದರು. ಅವತ್ತು ನಾನು ಊಟ ಮಾಡಿದ್ದು ಆಮೇಲೆ.

ಹೊಸದುರ್ಗದಲ್ಲಿ ಯಜಮಾನರಿಗೆ ಕೆಲಸ ಕಲಿಸಿದ ರೇಡಿಯೋ ರಿಪೇರಿ ಮೇಷ್ಟ್ರು ಇದ್ದಾರೆ. ಈಗ ಅಂಗಡಿ ಮುಚ್ಚಿ ಮನೆಯಲ್ಲೇ ಇರುತ್ತಾರೆ. ಸ್ಪೀಕರಿನ ಬೆನ್ನಿಗೆ ಅಂಟಿಸಿದ ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು, ಸಣ್ಣ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು.

"ಬರ್ರಿ, ಕುಂತ್ಕಳ್ರಿ" ಎಂದು ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದು ಓದಿದರು. "ಇಲ್ಲಿ ದೊಡ್ಡಕ್ಷರದಾಗೆ ಹದಿನಾರುನೂರು ವ್ಯಾಟ್ ಅಂತ ಐತಲ್ಲ ತಾಯಿ, ಅದು ಬರೀ ಬಡಾಯಿ. ಕೆಳಗೆ ಸಣ್ಣಕ್ಷರದಾಗೆ ನಾನೂರು ಅಂತ ಐತೆ ನೋಡು, ದಿನವಿಡೀ ಹೊರಾದು ಅಷ್ಟೇಯ."

"ಮನುಷ್ರಂಗೆ" ಎಂದಳು ನಾದಿನಿ.

"ಮನುಷ್ರು ಚೀಟಿ ಅಂಟಿಸ್ಕಂಡಿರಲ್ಲ, ಅಷ್ಟೇ ವ್ಯತ್ಯಾಸ. ನೀವು ತಂದಿರಾ ಈ ಮಷೀನು ಎಷ್ಟು ಗೊತ್ತಾ? ನೂರೈವತ್ತು."

"ಸಣ್ಣದಾದ್ರೆ ಸುಡಲ್ಲ ಅಂತ ತಗಂಡೆ ಮೇಷ್ಟ್ರೆ" ಎಂದೆ.

ಅವರು ನಕ್ಕಿದ್ದು ನೋಡಿ ಒಳಗಿನಿಂದ ಅವರ ಮನೆಯವರು ಬಂದು ಇಣುಕಿದರು. "ಎಲ್ರೂ ಮಾಡಾ ತಪ್ಪೇ ಇದು. ಸಣ್ಣ ಮಷೀನು ಶಕ್ತಿ ಮೀರಿ ಕೂಗಿದ್ರೆ ಸದ್ದು ಚೂರುಚೂರಾಗ್ತೈತೆ. ಆ ಚೂರು ಸದ್ದೇ ಸ್ಪೀಕರಿನ ಮೇಲ್ಗಡೆ ತಂತಿ ಸುತ್ತಿರಾ ಸಣ್ಣ ಕಾಯಿಲ್‌ನ ಸುಡಾದು. ದೊಡ್ಡ ಮಷೀನು ತಗಂಡು ಅರ್ಧಕ್ಕೆ ನಿಲ್ಲಿಸು, ಆರಾಮಾಗಿ ಮಾತಾಡ್ತೈತೆ. ಆ ಕೆಂಪು ದೀಪ ಹತ್ತೈತಲ್ಲ, ಅದು 'ಸಾಕು ಬಿಡ್ರಪ್ಪಾ' ಅಂತ ಮಷೀನು ಕೈ ಮುಗಿಯಾದು."

"ಅಯ್ಯೋ, ನಾವು ಕುಣೀತೈತೆ ಅನ್ಕಂಡಿದ್ವಲ್ಲ!" ಎಂದು ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಷ್ಟ್ರು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಟ್ಟರು. ಮಷೀನಿನ ಮೇಲೂ ದೊಡ್ಡ ನಂಬರು ನಂಬಬಾರದು. ನಾಲ್ಕು ಓಮ್ಸಿಗೆ ಇಷ್ಟು, ಎಂಟು ಓಮ್ಸಿಗೆ ಇಷ್ಟು ಎಂದು ಬೇರೆ ಬೇರೆ ಸಾಲು ಇರುತ್ತದೆ. ನಮ್ಮ ಸ್ಪೀಕರು ಎಂಟು ಓಮ್ಸು. ಆ ಸಾಲಿನಲ್ಲಿ ಒಂದೊಂದು ಸ್ಪೀಕರಿಗೂ ಆರುನೂರು ಇರಬೇಕು, ಇದರ ನಾನೂರಕ್ಕಿಂತ ಒಂದೂವರೆ ಪಟ್ಟು. ಗುಂಡಿ ಅರ್ಧಕ್ಕೆ, ಕೆಂಪು ದೀಪ ಹತ್ತಲೇಬಾರದು. "ಮಿಕ್ಕಿದ್ದು ನಿನ್ನ ಕಿವಿಗೆ ಬಿಟ್ಟಿದ್ದು. ಸ್ಪೀಕರು ಜೊತೆಗೆ ತಗಂಡು ಹೋಗು. ಹಳೇ ಅಂಗಡಿಗೇ ಹೋಗು" ಎಂದರು. ನಾನು ಹಳೆಯ ಅಂಗಡಿ ಬಿಟ್ಟಿದ್ದನ್ನು ಅವರಿಗೆ ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಲಗೇಜ್ ಆಟೋದಲ್ಲಿ ಸ್ಪೀಕರುಗಳನ್ನು ನಿಲ್ಲಿಸಿ ಕಟ್ಟಿಕೊಂಡು ದುರ್ಗಕ್ಕೆ ಹೊರಟೆವು. ಗಿಳಿಹಸಿರು, ಗುಲಾಬಿ ಅಕ್ಕಪಕ್ಕ. ದಾರಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. "ದಿಬ್ಬಣ ಇಲ್ದಿದ್ರೂ ಗಂಡುಹೆಣ್ಣು ಹೊಂಟಂಗೈತೆ" ಎಂದಳು ನಾದಿನಿ. ಸಣ್ಣ ಮಷೀನನ್ನು ಬಸ್‌ಸ್ಟ್ಯಾಂಡಿನ ಅಂಗಡಿಯವನು ಮುಖ ಸಿಂಡರಿಸಿಕೊಂಡೇ ವಾಪಸು ತೆಗೆದುಕೊಂಡ. ಅಲ್ಲಿಂದ ಹಳೆಯ ಅಂಗಡಿ.

ಅಂಗಡಿಯವರು ನನ್ನನ್ನು ನೋಡಿ ಎದ್ದು ನಿಂತರು. ಯಜಮಾನರ ವಿಷಯ ಕೇಳಲಿಲ್ಲ. ಚೀಟಿ ಓದಿ, ಎಂಟು ಓಮ್ಸಿಗೆ ಆರುನೂರು ಇದ್ದ ಎರಡು ಮಷೀನು ತೆಗೆದಿಟ್ಟರು. ನಾದಿನಿ ಎತ್ತಿ ನೋಡಿದಳು. ಒಂದು ಕಲ್ಲಿನಂತೆ ಭಾರ. ಇನ್ನೊಂದು ಹೊಸ ತರಹದ್ದು, ಬಹಳ ಹಗುರ.

"ಅತ್ಗೆ, ಭಾರದ್ದೇ ಇರ್ಲಿ. ಇದ್ರಾಗೆ ಏನೂ ಇಲ್ಲ, ಜೊಳ್ಳು. ಅಣ್ಣ ಇದ್ದಿದ್ರೆ ಮುಟ್ಟುತಿರ್ಲಿಲ್ಲ."

ಭಾರದ್ದನ್ನೇ ಮೊದಲು ಹಾಕಿಸಿದೆ. ಹಾಡಿಲ್ಲದೆ, ಗುಂಡಿ ಕೊನೆತನಕ. ಗುಲಾಬಿ ಗವಸು ಸರಿಸಿ ಕಿವಿ ಇಟ್ಟೆ. ಬಹಳ ದೂರದಲ್ಲಿ ಜೇನುಹುಳ ಇದ್ದಂತೆ ಸಣ್ಣಗೆ ಗುಂಯ್. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅಂಗಡಿಯವರು ಬಂದು ಆ ಮಷೀನಿನ ವೈರು ಬಿಚ್ಚತೊಡಗಿದರು.

"ಯಾಕಣ್ಣ?"

"ಸೆರಗು ಎಳ್ಕಂಡ್ರಲ್ಲಕ್ಕ. ಹಮ್ಮಿಂಗ್ ಐತೆ ಅಂತ ಆಯ್ತಲ್ಲ."

ನನ್ನ ಕೈ ನೋಡಿಕೊಂಡೆ. ಸೆರಗಿನ ಮೇಲಿತ್ತು. ಅಂಗಡಿಯವರು ತಲೆ ಎತ್ತದೆ ವೈರು ಬಿಚ್ಚುತ್ತಲೇ ಹೇಳಿದರು. "ನಾನೂ ವರ್ಷಗಳಿಂದ ನಿಮ್ಮ ಕೈ ನೋಡೇ ಮಾಲು ಆರಿಸ್ತಿದ್ದೆ. ನನ್ನ ಕಿವೀನೂ ಅಷ್ಟಕ್ಕಷ್ಟೆ. ನೀವು ಸೆರಗು ಎಳ್ಕಂಡ ಮಷೀನ್ನ ಕಂಪನಿಗೆ ವಾಪಸ್ ಕಳಿಸ್ತಿದ್ದೆ."

ಸೆರಗು, ಓಲೆ, ಒಂದು ಕಣ್ಣಿನ ಕತೆಯನ್ನು ನಾನು ಹೇಳಿದಾಗ ನಾದಿನಿ ನಗುತ್ತಾ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಇಷ್ಟು ವರ್ಷ ಅವರು ಕಣ್ಣು ಮುಚ್ಚಿ ಮಾಡಿದ ನಾಟಕಕ್ಕೆ ಅಂಗಡಿಯವರೇ ಪ್ರೇಕ್ಷಕರಾಗಿದ್ದರು. ಯಜಮಾನರಿಗೆ ಬದುಕಿದ್ದಾಗ ಇದು ತಿಳಿದಿದ್ದರೆ ಬಸ್ಸಿನಲ್ಲಿ ಏನು ಹೇಳುತ್ತಿದ್ದರೋ.

"ಕೊನೇ ಸಲ ಒಬ್ರೇ ಬಂದಿದ್ರು" ಎಂದರು ಅಂಗಡಿಯವರು. "ಸ್ಪೀಕರಿಗೆ ಕಿವಿ ಇಟ್ಟು ಬಾಳ ಹೊತ್ತು ಕುಂತಿದ್ರು. ಆಮೇಲೆ ಎದ್ದು, 'ಇವತ್ತು ಕಿವಿ ಮನೇಲೇ ಬಿಟ್ಟು ಬಂದೀನಿ. ಇನ್ನೊಂದ್ಸಲ ತಗಂಡು ಬರ್ತೀನಿ' ಅಂದ್ರು."

ಬಾಗಿಲು ಹಾಕಿತ್ತು ಎಂದು ನನಗೆ ಹೇಳಿದ್ದರು. ಹದಿನಾಲ್ಕು ರವಿಕೆಗಳ ನಡುವೆ ನಾನು, "ಹಂಗಾ" ಎಂದಿದ್ದೆ, ಅಷ್ಟೆ.

ಹಗುರದ ಮಷೀನನ್ನು ಹಾಕಿಸಿದೆ. ಕಿವಿ ಇಟ್ಟೆ. ಬೀದಿಯ ಆಟೋ ಸದ್ದು, ಯಾರದೋ ಕೆಮ್ಮು ಕೇಳಿತು. ಸ್ಪೀಕರಿನ ಒಳಗಿಂದ ಏನೂ ಇಲ್ಲ. ಇನ್ನೊಂದಕ್ಕೂ ಇಟ್ಟೆ. ಏನೂ ಇಲ್ಲ. ಇಂಥ ಸುಮ್ಮನಿರುವಿಕೆಯನ್ನು ನಾನು ಹಿಂದೆ ಯಾವ ಮಷೀನಿನಲ್ಲೂ ಕೇಳಿರಲಿಲ್ಲ. ರೀ, ತೂಕದ ವಿಷಯದಲ್ಲಿ ನಿಮ್ಮದು ತಪ್ಪು ಎಂದು ಮನಸ್ಸಿನಲ್ಲೇ ಹೇಳಿದೆ. ಉಳಿದದ್ದೆಲ್ಲ ಸರಿ.

ಮದುವೆ ದಿನ ಬೆಳಿಗ್ಗೆಯೇ ಹೋದೆವು. ಗೆಳೆಯರ ಮನೆಯ ಮುಂದೆ ಚಪ್ಪರ. ಕುರಿ ಹಟ್ಟಿಯ ಬೇಲಿಯ ಕಡೆಗೆ ಮುಖ ಮಾಡದಂತೆ ಸ್ಪೀಕರುಗಳನ್ನು ನಿಲ್ಲಿಸಲು ಹೇಳಿದರು, ಕುರಿ ಬೆದರುತ್ತವಂತೆ. ನಾವು ನೆಂಟರಲ್ಲವಾದ್ದರಿಂದ ಚಪ್ಪರದ ಹಿಂಬದಿಯಲ್ಲಿ ತಿಂಡಿ ತಿಂದೆವು. ನಾಲ್ಕು ಜನ ನೆಂಟರು ತಿಂದದ್ದಕ್ಕಿಂತ ಹೆಚ್ಚನ್ನು ತಂದು ಬಡಿಸಿದರು. ನಾದಿನಿ ಮಷೀನಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಳು. ಅಣ್ಣನ ಟವೆಲನ್ನೇ ಹೆಗಲ ಮೇಲೆ ಹಾಕಿಕೊಂಡಿದ್ದಳು. ಕೆಂಪು ದೀಪದ ಮೇಲೆ ಕಣ್ಣಿಟ್ಟು, "ಇದು ಕುಣೀಲಿ ನೋಡಾಣ, ಕೈ ಮುರೀತೀನಿ" ಎಂದು ಗುಂಡಿಗೆ ಹೇಳುತ್ತಿದ್ದಳು.

ಸ್ವಿಚ್ಚು ಹಾಕಿದ ಮೇಲೆ ನಾನು ಗವಸು ತೆಗೆದು ಮಡಿಸಿಟ್ಟೆ. ಮೊದಲು ಗಿಳಿಹಸಿರಿನದಕ್ಕೆ ಕಿವಿ ಇಟ್ಟೆ. ಗೆಳೆಯರು ಹೊಸ ಪಂಚೆ ಎತ್ತಿ ಹಿಡಿದುಕೊಂಡು ಬಂದರು.

"ಏನ್ ತಂಗೆಮ್ಮ, ಸದ್ದೇ ಇಲ್ಲ? ಆನ್ ಆಗಿಲ್ವಾ?"

"ಆಗೈತಣ್ಣ."

ಗುಲಾಬಿಯದರ ಕಡೆಗೆ ಹೋದೆ. ವಾಲಗದವರು ಮೈಕಿನ ಮುಂದೆ ಕಾಯುತ್ತಿದ್ದರು. ಜಾಲರಿ ಕೆನ್ನೆಗೆ ತಣ್ಣಗೆ ತಾಗಿತು. ಒಳಗೆ ಏನೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಆಮೇಲೆ ನನ್ನ ಕೈ ತಾನಾಗಿಯೇ ಹೋಗಿ ಓಲೆಯನ್ನು ಮುಟ್ಟಿತು. ಯಾರಿಗೆ ತೋರಿಸುತ್ತಿದ್ದೇನೆ ಎಂದು ನಾಚಿಕೆಯಾಗಿ ಇಳಿಸಬೇಕೆನ್ನುವಷ್ಟರಲ್ಲಿ, ಚಪ್ಪರದ ಆ ತುದಿಯಲ್ಲಿ ಅಣ್ಣನಂತೆ ಕಣ್ಣು ಮುಚ್ಚಿ ಕುಳಿತಿದ್ದ ನಾದಿನಿ ಒಂದು ಕಣ್ಣು ತೆರೆದು ನನ್ನ ಕೈ ನೋಡಿ, ಬಹಳ ಗಂಭೀರವಾಗಿ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದಳು.